ಹರೆಯದ ಹೆಣ್ಣುಮಕ್ಕಳಲ್ಲಿ ಎಚ್‌ಪಿವಿ ಸೋಂಕು: ಅಪಾಯದ ಮೂಲ ಎಲ್ಲಿದೆ?

ಕಳೆದ ಶ್ರಾವಣ ಮುಗಿದ ಮರುವಾರ ನಾಗರಬಾವಿಯ ನನ್ನ ಚಿಕಿತ್ಸಾಲಯಕ್ಕೆ ತಾಯಿಯೊಬ್ಬರು ಮಗಳನ್ನು ಕರೆದುಕೊಂಡು ಬಂದರು. ಮಗಳಿಗೆ 22 ವರ್ಷ. ಬಿ.ಕಾಂ. ಮುಗಿಸಿ ಕೆಲಸಕ್ಕೆ ಸೇರಿದ್ದಾಳೆ. ನಿಶ್ಚಿತಾರ್ಥವಾಗಿದೆ, ಮಾಘದಲ್ಲಿ ಮದುವೆ. ತಾಯಿ ಮಗಳನ್ನು ಹೊರಗೆ ಕೂರಿಸಿ, ಬಾಗಿಲು ಮುಂದೆ ಮಾಡಿ, ಧ್ವನಿ ತಗ್ಗಿಸಿ ಕೇಳಿದರು: “ಡಾಕ್ಟ್ರಮ್ಮ, ಮದುವೆಗೆ ಮುಂಚೆ ಯಾವುದೋ ಕ್ಯಾನ್ಸರ್ ಲಸಿಕೆ ಹಾಕಿಸಿಕೊಳ್ಳಬೇಕು ಅಂತ ಇವಳ ಆಫೀಸಿನಲ್ಲಿ ಹೇಳಿದಾರಂತೆ. ಅದು ನಡತೆ ನೆಟ್ಟಗಿಲ್ಲದವರಿಗೆ ಬರೋ ಕಾಯಿಲೆ ಅಂತ ನಮ್ಮ ಓರಗಿತ್ತಿ ಹೇಳ್ತಾರೆ. ನಮ್ಮ ಹುಡುಗಿಗೆ ಅದೆಲ್ಲ ಯಾಕೆ ಬೇಕು?”

ಈ ಪ್ರಶ್ನೆಯನ್ನು ನಾನು ಬೇರೆ ಬೇರೆ ಮಾತುಗಳಲ್ಲಿ ಅನೇಕ ಸಲ ಕೇಳಿದ್ದೇನೆ. ಸುಶಿಕ್ಷಿತರೂ ಕೇಳುತ್ತಾರೆ, ಆಚಾರವಂತರೂ ಕೇಳುತ್ತಾರೆ. ಕಾಯಿಲೆಯನ್ನು ನಡತೆಗೆ ಕಟ್ಟಿಹಾಕಿದ ಈ ಒಂದು ತಿಳಿವಳಿಕೆಯಿಂದಲೇ ನಮ್ಮ ಹೆಣ್ಣುಮಕ್ಕಳು ತಪಾಸಣೆಗೆ ಹೋಗದೆ, ಲಸಿಕೆ ಹಾಕಿಸಿಕೊಳ್ಳದೆ, ರೋಗ ಬಲಿತ ಮೇಲೆ ಆಸ್ಪತ್ರೆ ಸೇರುತ್ತಿದ್ದಾರೆ ಎಂಬುದು ನನ್ನ ಅನುಭವ. ಆದುದರಿಂದ ಈ ತಿಂಗಳ ಅಂಕಣದಲ್ಲಿ ಸ್ವಲ್ಪ ಸಂಕೋಚದ ವಿಷಯವನ್ನೇ ಬಿಡಿಸಿ ಬರೆಯುತ್ತಿದ್ದೇನೆ. ಮನೆಯ ಹಿರಿಯರು ಓದಿದ ಬಳಿಕ ಪತ್ರಿಕೆಯನ್ನು ಸೊಸೆಯಂದಿರಿಗೂ ಹೆಣ್ಣುಮಕ್ಕಳಿಗೂ ಕೊಡಬೇಕೆಂದು ಕೋರುತ್ತೇನೆ.

ವೈರಸ್ಸಿನ ಪರಿಚಯ

ಹ್ಯೂಮನ್ ಪ್ಯಾಪಿಲೋಮಾ ವೈರಸ್ ಎಂಬುದನ್ನು ಚಿಕ್ಕದಾಗಿ ಎಚ್‌ಪಿವಿ ಎನ್ನುತ್ತಾರೆ. ಇದು ಒಂದೇ ವೈರಸ್ ಅಲ್ಲ, 200ಕ್ಕೂ ಹೆಚ್ಚು ಪ್ರಭೇದಗಳಿರುವ ಒಂದು ದೊಡ್ಡ ಕುಟುಂಬ. ಕೈಕಾಲಿನ ಮೇಲೆ ಏಳುವ ನರುಳಿಗೆ ಕಾರಣವಾಗುವುದೂ ಈ ಕುಟುಂಬದ ಕೆಲವು ಪ್ರಭೇದಗಳೇ. ಇವುಗಳಲ್ಲಿ ಹದಿನಾಲ್ಕರಷ್ಟು ಮಾತ್ರ ಕ್ಯಾನ್ಸರ್ ತರಬಲ್ಲವು. ಅವುಗಳಲ್ಲಿಯೂ 16 ಮತ್ತು 18 ಎಂಬ ಸಂಖ್ಯೆಯ ಎರಡು ಪ್ರಭೇದಗಳೇ ಗರ್ಭಕಂಠದ ಕ್ಯಾನ್ಸರಿನ ನೂರಕ್ಕೆ ಎಪ್ಪತ್ತರಷ್ಟು ಪ್ರಕರಣಗಳಿಗೆ ಹೊಣೆ. ಗರ್ಭಕಂಠವೆಂದರೆ ಗರ್ಭಾಶಯದ ಕೆಳತುದಿ, ಯೋನಿಯೊಳಕ್ಕೆ ಚಾಚಿಕೊಂಡಿರುವ ಅದರ ಕೊರಳು.

ಈ ಕ್ಯಾನ್ಸರಿಗೂ ದಾಂಪತ್ಯ ಜೀವನಕ್ಕೂ ಏನೋ ಸಂಬಂಧವಿದೆಯೆಂದು ಮೊದಲು ಗಮನಿಸಿದವರಲ್ಲಿ ಇಟಲಿಯ ರಿಗೋನಿ ಸ್ಟರ್ನ್ ಒಬ್ಬರು. ವೆರೋನಾ ನಗರದ ಮರಣದಾಖಲೆಗಳನ್ನು ಹಲವು ದಶಕಗಳಷ್ಟು ಹಿಂದಕ್ಕೆ ಹೋಗಿ ಪರಿಶೀಲಿಸಿದ ಅವರು, ಗರ್ಭಾಶಯದ ಕ್ಯಾನ್ಸರ್ ಸಂನ್ಯಾಸಿನಿಯರಲ್ಲಿ ಅಪರೂಪವೆಂದೂ ವಿವಾಹಿತೆಯರಲ್ಲಿ ಹೆಚ್ಚೆಂದೂ 1842ರಲ್ಲಿ ಪ್ರಕಟಿಸಿದರು. ಕಾರಣ ತಿಳಿಯಲು ಮತ್ತೆ ನೂರ ನಲವತ್ತು ವರ್ಷ ಹಿಡಿಯಿತು. ಜರ್ಮನಿಯ ಹೆರಾಲ್ಡ್ ತ್ಸುರ್ ಹೌಸೆನ್ 1983 ಮತ್ತು 1984ರಲ್ಲಿ ಗರ್ಭಕಂಠದ ಕ್ಯಾನ್ಸರ್ ಗಡ್ಡೆಗಳಿಂದ ಎಚ್‌ಪಿವಿ 16 ಮತ್ತು 18ನ್ನು ಬೇರ್ಪಡಿಸಿ ತೋರಿಸಿದರು. ಆ ಸಂಶೋಧನೆಗೆ 2008ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಇಂದು ನಾವು ಲಸಿಕೆಯ ಮಾತನ್ನಾಡುತ್ತಿರುವುದು ಆ ಶೋಧದ ಫಲ.

ವೆರೋನಾದ ಆ ದಾಖಲೆಯಲ್ಲಿ ಗಮನಿಸಬೇಕಾದ ಮಾತು ‘ವಿವಾಹಿತೆಯರಲ್ಲಿ’ ಎಂಬುದು. ದಾರಿ ತಪ್ಪಿದವರಲ್ಲಿ ಎಂದು ಅವರು ಬರೆಯಲಿಲ್ಲ. ಈ ವೈರಸ್ ಜನನಾಂಗಗಳ ಚರ್ಮದ ಸ್ಪರ್ಶದಿಂದ, ಬಹುಮಟ್ಟಿಗೆ ದೈಹಿಕ ಸಂಪರ್ಕದಿಂದ ಹರಡುತ್ತದೆ. ಊಟ, ನೀರು, ಗಾಳಿಗಳಿಂದ ಹರಡುವುದಿಲ್ಲ. ದಾಂಪತ್ಯ ನಡೆಸುವ ಹೆಚ್ಚಿನ ಸ್ತ್ರೀಪುರುಷರಿಗೆ ಆಯುಷ್ಯದಲ್ಲಿ ಯಾವಾಗಲಾದರೊಮ್ಮೆ ಇದು ತಗಲಿಯೇ ಇರುತ್ತದೆ. ತಗಲಿದ್ದು ಯಾರಿಗೂ ಗೊತ್ತಾಗುವುದಿಲ್ಲ. ಜ್ವರವಿಲ್ಲ, ನೋವಿಲ್ಲ, ಉರಿಯಿಲ್ಲ. ಹತ್ತು ಜನ ಸ್ತ್ರೀಯರಿಗೆ ತಗಲಿದರೆ ಸುಮಾರು ಒಂಬತ್ತು ಜನರಲ್ಲಿ ಎರಡು ವರ್ಷದೊಳಗೆ ದೇಹದ ರೋಗನಿರೋಧಕ ಬಲವೇ ಅದನ್ನು ಅಡಗಿಸಿಬಿಡುತ್ತದೆ. ಉಳಿದವರಲ್ಲಿ ಅದು ಬೀಡುಬಿಡುತ್ತದೆ. ಹಾಗೆ ಬೀಡುಬಿಟ್ಟ ವೈರಸ್ ಗರ್ಭಕಂಠದ ಜೀವಕೋಶಗಳನ್ನು ನಿಧಾನವಾಗಿ ಕೆಡಿಸಿ ಕ್ಯಾನ್ಸರಾಗಿ ಮಾರ್ಪಡಿಸಲು ಸಾಮಾನ್ಯವಾಗಿ 15ರಿಂದ 20 ವರ್ಷ ತೆಗೆದುಕೊಳ್ಳುತ್ತದೆ.

ಹೀಗಾಗಿ ‘ಅಪಾಯ’ ಎಂಬ ಒಂದು ಮಾತಿನಲ್ಲಿ ಎರಡು ಪ್ರಶ್ನೆಗಳು ಅಡಗಿವೆ. ಸೋಂಕು ತಗಲುವುದು ಯಾವುದರಿಂದ? ತಗಲಿದ್ದು ಹೋಗದೆ ಉಳಿಯುವುದು ಯಾವುದರಿಂದ? ಎರಡಕ್ಕೂ ಉತ್ತರ ಹುಡುಕುತ್ತ ಹೋದರೆ, ಬಹಳ ಸಂಗತಿಗಳು ಆ ಹೆಣ್ಣುಮಗಳ ಕೈಯಲ್ಲಿಯೇ ಇರಲಿಲ್ಲವೆಂಬುದು ಕಾಣುತ್ತದೆ.

ವಯಸ್ಸು ಮತ್ತು ಮದುವೆ

ಗರ್ಭಕಂಠದ ಬಾಯಿಯಲ್ಲಿ ಎರಡು ಬಗೆಯ ಜೀವಕೋಶಗಳ ಪದರಗಳು ಒಂದನ್ನೊಂದು ಕೂಡುತ್ತವೆ. ಒಳಗಿನ ಪದರ ಬಹು ತೆಳುವು, ಹೊರಗಿನದು ಹಲವು ಸುತ್ತುಗಳಿರುವ ಗಟ್ಟಿ ಪದರ. ಮೈನೆರೆದ ಮೊದಲ ಕೆಲವು ವರ್ಷಗಳಲ್ಲಿ ತೆಳು ಪದರ ಹೊರಮುಖವಾಗಿ ಹರಡಿಕೊಂಡಿರುತ್ತದೆ. ವರ್ಷಗಳು ಕಳೆದಂತೆ ಅದು ಕ್ರಮೇಣ ಗಟ್ಟಿ ಪದರವಾಗಿ ಬದಲಾಗುತ್ತದೆ. ಈ ಬದಲಾವಣೆ ನಡೆಯುತ್ತಿರುವ ಜಾಗವೇ ಎಚ್‌ಪಿವಿಗೆ ಪ್ರಿಯವಾದದ್ದು. ಅಲ್ಲಿನ ಕೋಶಗಳು ಬೇಗಬೇಗ ವಿಭಜನೆಯಾಗುತ್ತಿರುತ್ತವೆ, ಸಣ್ಣ ತರಚಿದರೂ ವೈರಸ್ ತಳದ ಕೋಶದವರೆಗೆ ಇಳಿಯುತ್ತದೆ. ಆದುದರಿಂದ ಹದಿನಾರು ಹದಿನೇಳರಲ್ಲಿ ದಾಂಪತ್ಯ ಆರಂಭಿಸಿದ ಹುಡುಗಿಗೂ ಇಪ್ಪತ್ತೈದರಲ್ಲಿ ಆರಂಭಿಸಿದವಳಿಗೂ ಅಪಾಯ ಸಮವಲ್ಲ. ಇದಕ್ಕೆ ಶರೀರರಚನೆಯೇ ಕಾರಣ.

ಆಯುರ್ವೇದದ ಆಚಾರ್ಯರಿಗೆ ವೈರಸ್ ಗೊತ್ತಿರಲಿಲ್ಲ. ಆದರೆ ಸುಶ್ರುತರು ಶಾರೀರಸ್ಥಾನದ ಹತ್ತನೆಯ ಅಧ್ಯಾಯದಲ್ಲಿ, ಹದಿನಾರು ತುಂಬದ ಹೆಣ್ಣಿನಲ್ಲಿ ಇಪ್ಪತ್ತೈದು ತುಂಬದ ಪುರುಷನಿಂದ ಗರ್ಭ ನಿಂತರೆ ಅದು ಒಳಗೇ ನಾಶವಾಗಬಹುದು, ಹುಟ್ಟಿದ ಮಗುವೂ ದುರ್ಬಲವಾಗಬಹುದು ಎಂಬ ಅಭಿಪ್ರಾಯವನ್ನು ಹೇಳಿದ್ದಾರೆ. ಎಳೆಯ ದೇಹ ದಾಂಪತ್ಯಕ್ಕೂ ಬಸಿರಿಗೂ ಸಿದ್ಧವಾಗಿರುವುದಿಲ್ಲ ಎಂಬ ಅವರ ತಿಳಿವಳಿಕೆ ಅಷ್ಟು ಹಳೆಯದು. ನಮ್ಮ ಕಾನೂನುಗಳು ಅಲ್ಲಿಗೆ ಬರಲು ಬಹಳ ತಡವಾಯಿತು. ಮೈಸೂರು ಸಂಸ್ಥಾನ 1894ರಲ್ಲಿ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿದಾಗ ಅದೇ ಒಂದು ದೊಡ್ಡ ಹೆಜ್ಜೆಯೆನಿಸಿತ್ತು. ಹದಿನೆಂಟು ವರ್ಷವೆಂಬ ಮಿತಿ ದೇಶಕ್ಕೆ ಬಂದದ್ದು 1978ರಲ್ಲಿ. ಕರ್ನಾಟಕವು 2016ರ ತಿದ್ದುಪಡಿಯಿಂದ ಬಾಲ್ಯವಿವಾಹವನ್ನು ಆರಂಭದಿಂದಲೇ ಅಸಿಂಧುವೆಂದು ಘೋಷಿಸಿತು. ಇಷ್ಟಾದರೂ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ನಮ್ಮ ರಾಜ್ಯದ 20ರಿಂದ 24 ವರ್ಷದ ಸ್ತ್ರೀಯರಲ್ಲಿ ನೂರಕ್ಕೆ 21ಕ್ಕೂ ಹೆಚ್ಚು ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಐದರಲ್ಲಿ ಒಬ್ಬಳು! ಬೆಂಗಳೂರಿನಲ್ಲಿ ಕುಳಿತ ನಮಗೆ ನಂಬಿಕೆಯಾಗದು. ಆದರೆ ನಮ್ಮಲ್ಲಿ ಅನೇಕರ ಮೂಲ ಊರುಗಳಲ್ಲಿ, ಎಸ್ಸೆಸ್ಸೆಲ್ಸಿ ಫೇಲಾದಳು ಎಂಬ ಒಂದೇ ಕಾರಣಕ್ಕೆ ಹುಡುಗಿಗೆ ಗಂಡು ಹುಡುಕುವುದು ಈಗಲೂ ನಡೆದೇ ಇದೆ.

ಮದುವೆಯ ವಯಸ್ಸು ಮುಂದೆ ಹೋದರೆ ಏನಾಗುತ್ತದೆಂಬುದಕ್ಕೆ ಸಾಕ್ಷಿ ನಮ್ಮ ನಗರದಲ್ಲಿಯೇ ಇದೆ. ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿ 1982ರಿಂದ ಬೆಂಗಳೂರಿನ ಕ್ಯಾನ್ಸರ್ ರೋಗಿಗಳ ನೋಂದಣಿ ನಡೆಯುತ್ತಿದೆ. ದೇಶದಲ್ಲಿ ಮೊದಲು ಆರಂಭವಾದ ಇಂಥ ನೋಂದಣಿ ಕೇಂದ್ರಗಳಲ್ಲಿ ಅದೂ ಒಂದು. ಆರಂಭದ ವರ್ಷಗಳಲ್ಲಿ ಬೆಂಗಳೂರಿನ ಸ್ತ್ರೀಯರ ಕ್ಯಾನ್ಸರುಗಳಲ್ಲಿ ಗರ್ಭಕಂಠದ್ದೇ ಮೊದಲನೆಯ ಸ್ಥಾನದಲ್ಲಿತ್ತು. ಮುಂದಿನ ದಶಕಗಳಲ್ಲಿ ಅದು ಇಳಿಯುತ್ತ ಬಂದು, ಸ್ತನದ ಕ್ಯಾನ್ಸರ್ ಮುಂದಾಯಿತು. ಆ ದಶಕಗಳಲ್ಲಿ ಊರಿಗೆಲ್ಲ ತಪಾಸಣೆಯೂ ಆಗಲಿಲ್ಲ, ಲಸಿಕೆಯೂ ಬಂದಿರಲಿಲ್ಲ. ಹುಡುಗಿಯರು ಕಾಲೇಜಿಗೆ ಹೋದರು, ಮದುವೆ ತಡವಾಯಿತು, ಮಕ್ಕಳು ಎರಡಕ್ಕೆ ನಿಂತವು, ಮನೆಮನೆಗೆ ನಲ್ಲಿಯೂ ಬಚ್ಚಲೂ ಬಂದವು. ತಜ್ಞರು ಇಳಿಕೆಗೆ ಇಂಥ ಬದಲಾವಣೆಗಳನ್ನೇ ಮುಖ್ಯ ಕಾರಣವಾಗಿ ಹೇಳುತ್ತಾರೆ. ಹೆಣ್ಣುಮಕ್ಕಳಿಗೆ ವಿದ್ಯೆ ಕೊಡಿಸಿದ ತಂದೆತಾಯಿಗಳು ತಮಗೇ ಅರಿವಿಲ್ಲದೆ ಒಂದು ಕ್ಯಾನ್ಸರನ್ನೂ ತಡೆದರೆನ್ನಬಹುದು. ಹಾಗೆಂದು ನೆಮ್ಮದಿಯಿಂದಿರಲು ಬರುವುದಿಲ್ಲ. ಇಡೀ ಭಾರತದಲ್ಲಿ 2022ರ ಅಂದಾಜಿನಂತೆ ಒಂದು ವರ್ಷದಲ್ಲಿ ಸುಮಾರು 1,27,000 ಸ್ತ್ರೀಯರು ಈ ಕ್ಯಾನ್ಸರಿಗೆ ತುತ್ತಾದರು. ಸುಮಾರು 80,000 ಮಂದಿ ತೀರಿಕೊಂಡರು.

ಒಬ್ಬನೇ ಗಂಡ, ಆದರೂ

ಒಬ್ಬರಿಗಿಂತ ಹೆಚ್ಚು ಜನರೊಡನೆ ಸಂಪರ್ಕವಾದಷ್ಟೂ ವೈರಸ್ ತಗಲುವ ಸಂಭವ ಹೆಚ್ಚು. ಇದು ನಿಜ, ಮುಚ್ಚಿಡುವುದಿಲ್ಲ. ಇಂದಿನ ಯುವಜನರಿಗೆ ಇದನ್ನು ನೇರವಾಗಿ ಹೇಳಬೇಕು. ಆದರೆ ಈ ಮಾತಿನ ಮತ್ತೊಂದು ಅರ್ಧವನ್ನು ನಮ್ಮ ಸಮಾಜ ಹೇಳುವುದೇ ಇಲ್ಲ. ಜೀವಮಾನದಲ್ಲಿ ಗಂಡನೊಬ್ಬನನ್ನಲ್ಲದೆ ಬೇರೊಬ್ಬನನ್ನು ಅರಿಯದ ಹೆಣ್ಣುಮಗಳಿಗೂ ಈ ಸೋಂಕು ಬರುತ್ತದೆ. ಅವಳಿಗೆ ಅದು ಬರುವುದು ಗಂಡನಿಂದ. ಮದುವೆಗೆ ಮುಂಚೆಯೋ ಅನಂತರವೋ ಅವನಿಗೆ ಇದ್ದ ಸಂಪರ್ಕಗಳೇ ಅವಳ ಅಪಾಯವನ್ನು ನಿರ್ಣಯಿಸುತ್ತವೆ. ಪುರುಷನಲ್ಲಿಯೂ ವೈರಸ್ ಲಕ್ಷಣಗಳಿಲ್ಲದೆ ಅಡಗಿರುತ್ತದೆ. ಅವನಲ್ಲಿ ಅದನ್ನು ಕಂಡುಹಿಡಿಯುವ ವಾಡಿಕೆಯ ಪರೀಕ್ಷೆಯೂ ಇಲ್ಲ. ಕಾಂಡೋಮ್ ಬಳಕೆಯಿಂದ ಅಪಾಯ ತಗ್ಗುತ್ತದೆ, ಆದರೆ ಅದು ಮುಚ್ಚದ ಚರ್ಮದ ಮೂಲಕವೂ ವೈರಸ್ ದಾಟಬಲ್ಲದು.

ಇದನ್ನು ಓದಿದ ಸ್ತ್ರೀಯರು ಇಂದು ಸಂಜೆಯೇ ಗಂಡನ ವಿಚಾರಣೆಗೆ ನಿಲ್ಲಬಾರದೆಂದೂ ಬೇಡಿಕೊಳ್ಳುತ್ತೇನೆ! ವೈರಸ್ ಹತ್ತಾರು ವರ್ಷ ಮೌನವಾಗಿದ್ದು ಮತ್ತೆ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳಬಹುದು. ನಲವತ್ತರಲ್ಲಿ ಎಚ್‌ಪಿವಿ ಇದೆಯೆಂಬ ವರದಿ ಬಂದರೆ, ಅದು ಯಾವ ವರ್ಷ ಯಾರಿಂದ ಬಂದಿತೆಂದು ಹೇಳಬಲ್ಲ ಪರೀಕ್ಷೆ ಯಾವುದೂ ಇಲ್ಲ. ಇಂಥ ಒಂದು ಕಾಗದವನ್ನು ಮುಂದಿಟ್ಟುಕೊಂಡು ಒಂದು ಮನೆ ಒಡೆಯುವವರೆಗೆ ಹೋದದ್ದನ್ನು ನಾನು ಕಂಡಿದ್ದೇನೆ. ಆ ಹೆಣ್ಣುಮಗಳ ಅತ್ತೆಯವರನ್ನು ಮೂರು ಸಲ ಕರೆಸಿ ಕೂರಿಸಿ ತಿಳಿಹೇಳಬೇಕಾಯಿತು.

ವೈರಸ್ ಬೀಡುಬಿಡಲು ನೆರವಾಗುವ ಸಂಗತಿಗಳು

ತಗಲಿದ ಸೋಂಕು ತಾನಾಗಿ ಹೋಗದಂತೆ ಮಾಡುವುದರಲ್ಲಿ ದೇಹದ ನಿರೋಧಕ ಬಲ ಕುಂದಿರುವುದೇ ಪ್ರಧಾನ. ಎಚ್‌ಐವಿ ಸೋಂಕಿರುವ ಸ್ತ್ರೀಯರಲ್ಲಿ ಗರ್ಭಕಂಠದ ಕ್ಯಾನ್ಸರಿನ ಸಂಭವ ಆರು ಪಟ್ಟು. ಅವರು ಚಿಕಿತ್ಸೆ ಪಡೆಯದಿದ್ದರೆ 15-20 ವರ್ಷಗಳ ಹಾದಿ 5-10 ವರ್ಷಕ್ಕೆ ಕುಗ್ಗುತ್ತದೆ. ಮೂತ್ರಪಿಂಡ ಬದಲಾಯಿಸಿಕೊಂಡು ನಿರೋಧಕ ಬಲವನ್ನು ತಗ್ಗಿಸುವ ಔಷಧ ಸೇವಿಸುತ್ತಿರುವವರೂ ಎಚ್ಚರವಾಗಿರಬೇಕು.

ಧೂಮಪಾನ ಎರಡನೆಯದು. ಹೊಗೆಯ ವಿಷಾಂಶಗಳು ರಕ್ತದ ಮೂಲಕ ಗರ್ಭಕಂಠದ ಲೋಳೆಯಲ್ಲಿಯೂ ಸೇರುವುದನ್ನು ಕಂಡುಕೊಂಡಿದ್ದಾರೆ. ನಮ್ಮ ಮನೆಗಳ ಹೆಣ್ಣುಮಕ್ಕಳು ಸಿಗರೇಟು ಮುಟ್ಟುವುದಿಲ್ಲವೆಂದು ಹಿರಿಯರು ಕೂಡಲೇ ಹೇಳುತ್ತಾರೆ. ಇಲ್ಲಿನ ಸಂಜೆಯ ಚಹಾ ಅಂಗಡಿಗಳ ಮುಂದೆ ನಾನು ಕಾಣುವುದು ಬೇರೆ. ಗದರಿಸುವುದರಿಂದ ಅಭ್ಯಾಸ ಬಿಡುವುದಿಲ್ಲ, ಮರೆಯಲ್ಲಿ ಮುಂದುವರಿಯುತ್ತದೆ. ಕಾರಣ ತಿಳಿಸಿ ಹೇಳಿದರೆ ಕೆಲವರಾದರೂ ಕೇಳುತ್ತಾರೆ.

ಹೆರಿಗೆಗಳ ಸಂಖ್ಯೆಯೂ ಲೆಕ್ಕಕ್ಕೆ ಬರುತ್ತದೆ. ಸೋಂಕು ಇರುವ ಸ್ತ್ರೀಯರಲ್ಲಿ ಏಳು ಅಥವಾ ಅದಕ್ಕಿಂತ ಹೆಚ್ಚು ಹೆತ್ತವರಿಗೆ, ಹೆರದವರಿಗಿಂತ ಸುಮಾರು ನಾಲ್ಕು ಪಟ್ಟು ಅಪಾಯವೆಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ತಿಳಿದುಬಂದಿದೆ. ನಮ್ಮ ಅಜ್ಜಿಯರ ಕಾಲದ ಮಾತು ಇದು. ಗರ್ಭನಿರೋಧಕ ಮಾತ್ರೆಗಳನ್ನು ಐದು ವರ್ಷ ಮೀರಿ ನಿರಂತರವಾಗಿ ಸೇವಿಸುವವರಲ್ಲಿಯೂ ಅಪಾಯ ಸ್ವಲ್ಪ ಏರುತ್ತದೆ. ನಿಲ್ಲಿಸಿದ ಬಳಿಕ ಕ್ರಮೇಣ ಇಳಿದು ಹತ್ತು ವರ್ಷದ ಹೊತ್ತಿಗೆ ಮೊದಲಿನಂತಾಗುತ್ತದೆ. ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ನಿಲ್ಲಿಸಬಾರದು, ಕೊಟ್ಟ ವೈದ್ಯರನ್ನು ಕೇಳಬೇಕು. ಕ್ಲಮೀಡಿಯದಂಥ ಇತರ ಸೋಂಕುಗಳಿಂದ ಗರ್ಭಕಂಠದಲ್ಲಿ ಉರಿಯೂತ ನಿಂತಿದ್ದರೆ ಅದೂ ಎಚ್‌ಪಿವಿಗೆ ಅನುಕೂಲ.

ಮುಟ್ಟಿನ ಬಟ್ಟೆಯ ವಿಷಯವನ್ನು ಪ್ರತಿ ಶಿಬಿರದಲ್ಲಿಯೂ ಕೇಳುತ್ತಾರೆ. ಬಟ್ಟೆಯಿಂದ ಎಚ್‌ಪಿವಿ ಹುಟ್ಟುವುದಿಲ್ಲ. ಆದರೆ ಒದ್ದೆ ಬಟ್ಟೆಯನ್ನು ಬಚ್ಚಲ ಮೂಲೆಯಲ್ಲಿ, ಬೇರೆ ಬಟ್ಟೆಯ ಮರೆಯಲ್ಲಿ ಒಣಗಿಸಿ ಮತ್ತೆ ಬಳಸಿದರೆ ಬೇರೆ ಸೋಂಕುಗಳಾಗುತ್ತವೆ. ಬಿಸಿಲಿಗೆ ಹರವಬಾರದೆಂಬ ನಾಚಿಕೆ ಎಲ್ಲಿಂದ ಬಂತು? ಜಾತಿ, ಜನನ, ಮರಣ, ಉಚ್ಛಿಷ್ಟ, ರಜಸ್ಸು ಎಂಬ ಐದು ಸೂತಕಗಳನ್ನೂ ತಳ್ಳಿಹಾಕಿದ ಪರಂಪರೆ ನಮ್ಮದು. ಮುಟ್ಟಾದವಳೂ ಇಷ್ಟಲಿಂಗ ಪೂಜಿಸಬಹುದೆಂದ ಶರಣರ ಮನೆಗಳಲ್ಲಿ ಮುಟ್ಟಿನ ಬಟ್ಟೆಗೆ ಬಿಸಿಲಿಲ್ಲ, ಗರ್ಭಕಂಠವೆಂಬ ಮಾತಿಗೆ ಬಾಯಿಲ್ಲ.

ಆಯುರ್ವೇದ ಏನು ಮಾಡಬಲ್ಲದು, ಏನು ಮಾಡಲಾರದು

ಆಯುರ್ವೇದ ವೈದ್ಯೆಯಾಗಿ ಈ ಮಾತನ್ನು ನಾನೇ ಹೇಳಬೇಕು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಇಪ್ಪತ್ತು ಬಗೆಯ ಯೋನಿವ್ಯಾಪತ್ತುಗಳ ವಿವರಣೆಯಿದೆ. ಅವುಗಳಿಗೆ ಮಿಥ್ಯಾಚಾರ, ಆರ್ತವದೋಷ, ಬೀಜದೋಷ, ದೈವ ಎಂಬ ನಾಲ್ಕು ಕಾರಣಗಳನ್ನು ಹೇಳಿದೆ. ಬಿಳಿಸೆರಗು, ತುರಿ, ಉರಿ, ಮುಟ್ಟಿನ ಏರುಪೇರುಗಳಿಗೆ ಲೋಧ್ರ, ಅಶೋಕ, ತ್ರಿಫಲಾ ಮೊದಲಾದವುಗಳನ್ನು ನಾನು ನಿತ್ಯ ಕೊಡುತ್ತೇನೆ. ಗುಣವನ್ನೂ ಕಂಡಿದ್ದೇನೆ. ಪಥ್ಯ, ನಿದ್ರೆ, ರಕ್ತಹೀನತೆಯ ನಿವಾರಣೆ ಇವು ಸ್ತ್ರೀಯ ಬಲವನ್ನು ಕಾಪಾಡುತ್ತವೆ. ಆದರೆ ಬೀಡುಬಿಟ್ಟ ಎಚ್‌ಪಿವಿಯನ್ನು ಹೊರಹಾಕುತ್ತದೆಂದು ಖಚಿತವಾಗಿ ಸಿದ್ಧವಾದ ಕಷಾಯವಾಗಲಿ ಚೂರ್ಣವಾಗಲಿ ನನ್ನ ಬಳಿ ಇಲ್ಲ. ಅಲೋಪತಿಯಲ್ಲಿಯೂ ಈ ವೈರಸ್ಸನ್ನೇ ಕೊಲ್ಲುವ ಮಾತ್ರೆ ಇಲ್ಲ. ಲಸಿಕೆಯ ಬದಲು ಇದನ್ನು ಕುಡಿಯಿರಿ ಎಂದು ಯಾರಾದರೂ ಡಬ್ಬಿ ಮಾರಿದರೆ ನಂಬಬೇಡಿ. ಅವರು ನನ್ನ ಪದವಿಯವರೇ ಆಗಿದ್ದರೂ ಸರಿ.

ಸಂಭೋಗದ ಬಳಿಕ ರಕ್ತ ಕಾಣುವುದು, ಎರಡು ಮುಟ್ಟಿನ ನಡುವೆ ರಕ್ತ, ಮುಟ್ಟು ನಿಂತ ಮೇಲೆ ಮತ್ತೆ ರಕ್ತ, ದುರ್ವಾಸನೆಯ ಸ್ರಾವ, ಇವು ಇದ್ದರೆ ನಾನು ಔಷಧ ಬರೆಯುವ ಮೊದಲು ಪರೀಕ್ಷೆಗೆ ಬರೆಯುತ್ತೇನೆ. ಇಲ್ಲಿ ಇನ್ನೊಂದು ಎಚ್ಚರಿಕೆಯೂ ಬೇಕು. ಬಿಳಿಸೆರಗು ಎಂದೊಡನೆ ‘ಮುಂದೆ ಕ್ಯಾನ್ಸರಾಗುತ್ತದೆ, ಗರ್ಭಕೋಶ ತೆಗೆಸಿಬಿಡಿ’ ಎಂದು ಹೆದರಿಸುವವರೂ ಇದ್ದಾರೆ. ಕಲಬುರಗಿ ಜಿಲ್ಲೆಯಲ್ಲಿ ಬಡ ಹೆಣ್ಣುಮಕ್ಕಳಿಗೆ ಅಗತ್ಯವಿಲ್ಲದ ಇಂಥ ಶಸ್ತ್ರಚಿಕಿತ್ಸೆಗಳು ನಡೆದ ಸಂಗತಿ ಕಳೆದ ದಶಕದಲ್ಲಿ ವಿಚಾರಣೆಗೂ ಪತ್ರಿಕೆಗಳ ಚರ್ಚೆಗೂ ಬಂದಿತ್ತು. ಬಿಳಿಸೆರಗು ಬಹುಪಾಲು ಸಂದರ್ಭಗಳಲ್ಲಿ ಕ್ಯಾನ್ಸರಲ್ಲ. ಪರೀಕ್ಷೆಯ ವರದಿಯಿಲ್ಲದೆ ಯಾರೂ ಶಸ್ತ್ರಚಿಕಿತ್ಸೆಗೆ ಒಪ್ಪಬಾರದು.

ಲಸಿಕೆ

ಲಸಿಕೆಯಲ್ಲಿ ವೈರಸ್ ಇರುವುದಿಲ್ಲ. ಅದರ ಹೊರಕವಚದ ಪ್ರೋಟೀನನ್ನು ಮಾತ್ರ ತಯಾರಿಸಿ ಕೊಡುತ್ತಾರೆ. ಆದುದರಿಂದ ಲಸಿಕೆಯಿಂದಲೇ ಸೋಂಕು ಬರುವ ಮಾತಿಲ್ಲ. ಮಕ್ಕಳಾಗುವುದಿಲ್ಲ ಎಂಬುದಕ್ಕೆ ಆಧಾರವಿಲ್ಲ. ಚುಚ್ಚಿದ ಕಡೆ ನೋವು, ಒಂದು ದಿನದ ಮೈಬಿಸಿ ಸಾಮಾನ್ಯ. ಹರೆಯದ ಹುಡುಗಿಯರು ಕೆಲವರು ಸೂಜಿಯ ಭಯಕ್ಕೆ ತಲೆ ತಿರುಗಿ ಬೀಳುತ್ತಾರೆ, ಅದಕ್ಕಾಗಿ ಹದಿನೈದು ನಿಮಿಷ ಕೂರಿಸುವುದು ಪದ್ಧತಿ. ಈಗಾಗಲೇ ತಗಲಿದ ಸೋಂಕನ್ನು ಲಸಿಕೆ ಗುಣಪಡಿಸದು. ಅದಕ್ಕಾಗಿಯೇ 9ರಿಂದ 14 ವರ್ಷದೊಳಗೆ, ದಾಂಪತ್ಯದ ಮಾತೇ ಇಲ್ಲದ ವಯಸ್ಸಿನಲ್ಲಿ ಕೊಡುವುದು ಅತ್ಯುತ್ತಮ. ‘ಇಷ್ಟು ಚಿಕ್ಕವಳಿಗೆ ಈಗಲೇ ಯಾಕೆ?’ ಎಂಬ ಪ್ರಶ್ನೆಗೆ ಉತ್ತರ ಇದೇ. ದಡಾರದ ಲಸಿಕೆಯನ್ನು ದಡಾರ ಬರುವ ಮುಂಚೆ ಹಾಕಿಸುತ್ತೇವಲ್ಲವೆ?

ನಮ್ಮಲ್ಲಿ ವಾಡಿಕೆಯಲ್ಲಿರುವ ಕ್ರಮದಂತೆ 9ರಿಂದ 14ರವರಿಗೆ ಆರು ತಿಂಗಳ ಅಂತರದಲ್ಲಿ ಎರಡು ಡೋಸು, 15 ತುಂಬಿದವರಿಗೆ ಮೂರು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ, 20 ವರ್ಷದವರೆಗಿನವರಿಗೆ ಒಂದು ಡೋಸೂ ಸಾಕಾಗಬಹುದೆಂದು ಹೇಳಿದೆ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸಿದ ಸರ್ವಾವ್ಯಾಕ್ ಎಂಬ ಸ್ವದೇಶಿ ಲಸಿಕೆ 2023ರ ಜನವರಿಯಲ್ಲಿ ಬಿಡುಗಡೆಯಾಯಿತು. 26 ವರ್ಷದವರೆಗಿನ ಹುಡುಗಿಯರಿಗೂ ಹುಡುಗರಿಗೂ ಅದು ಅನುಮತಿ ಪಡೆದಿದೆ. ಗಂಟಲಿನ ಕೆಲವು ಕ್ಯಾನ್ಸರುಗಳಿಗೂ ಇದೇ ವೈರಸ್ ಕಾರಣವಾಗಿರುವುದರಿಂದ ಗಂಡುಮಕ್ಕಳಿಗೂ ಪ್ರಯೋಜನವಿದೆ. ಉಚಿತ ಲಸಿಕೆಯ ಬಗ್ಗೆ ಮಗಳ ಶಾಲೆಯಲ್ಲಿ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ.

ವಾಟ್ಸಾಪಿನಲ್ಲಿ ಆಗಾಗ ತಿರುಗುವ ಒಂದು ಸುದ್ದಿಯ ಹಿನ್ನೆಲೆಯನ್ನೂ ಹೇಳಬೇಕು. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಹುಡುಗಿಯರಿಗೆ ಈ ಲಸಿಕೆ ನೀಡುವ ಯೋಜನೆ ನಡೆದಿತ್ತು. ಏಳು ಹುಡುಗಿಯರು ತೀರಿಕೊಂಡರೆಂಬ ಕಾರಣದಿಂದ 2010ರಲ್ಲಿ ಅದನ್ನು ನಿಲ್ಲಿಸಲಾಯಿತು. ವಿಚಾರಣೆಯಲ್ಲಿ ಆ ಸಾವುಗಳಿಗೆ ಲಸಿಕೆ ಕಾರಣವೆಂದು ಕಂಡುಬರಲಿಲ್ಲ. ಆದರೆ ತಂದೆತಾಯಿಗಳ ಒಪ್ಪಿಗೆ ಪಡೆದ ರೀತಿ ತಪ್ಪಾಗಿತ್ತೆಂಬುದು ಸ್ಪಷ್ಟವಾಯಿತು. ಹೇಳದೆ ಕೇಳದೆ ಮಕ್ಕಳಿಗೆ ಚುಚ್ಚಿದರೆ ಜನ ಅನುಮಾನ ಪಡುವುದು ಸಹಜ. ಆ ಅನುಮಾನದಿಂದ ದೇಶ ಒಂದು ದಶಕವನ್ನೇ ಕಳೆದುಕೊಂಡಿತೆಂದು ನನಗೆ ಅನಿಸುತ್ತದೆ. ಈ ನಡುವೆ 2018ರಲ್ಲಿ ಸಿಕ್ಕಿಂ ರಾಜ್ಯ ಶಾಲೆಗಳ ಮೂಲಕ, ಪೋಷಕರಿಗೆ ತಿಳಿಹೇಳಿ, ಬಹುತೇಕ ಎಲ್ಲ ಅರ್ಹ ಹುಡುಗಿಯರಿಗೂ ಲಸಿಕೆ ಹಾಕಿಸಿತು. ಸ್ವೀಡನ್ನಿನಲ್ಲಿ ಹದಿನಾರು ಲಕ್ಷಕ್ಕೂ ಹೆಚ್ಚು ಹುಡುಗಿಯರನ್ನು ಹಲವು ವರ್ಷ ಗಮನಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 17 ತುಂಬುವ ಮೊದಲು ಲಸಿಕೆ ಪಡೆದವರಲ್ಲಿ ಗರ್ಭಕಂಠದ ಕ್ಯಾನ್ಸರ್ ನೂರಕ್ಕೆ 88ರಷ್ಟು ಕಡಿಮೆಯಾಗಿತ್ತು.

ಪರೀಕ್ಷೆ ಯಾರಿಗೆ, ಯಾವಾಗ

ಇಪ್ಪತ್ತು ಇಪ್ಪತ್ತೆರಡರ ಹುಡುಗಿಗೆ ಎಚ್‌ಪಿವಿ ಪರೀಕ್ಷೆ ಬೇಡ. ಆ ವಯಸ್ಸಿನಲ್ಲಿ ಸೋಂಕು ಇದ್ದರೂ ಬಹುಪಾಲು ತಾನಾಗಿ ಹೋಗುತ್ತದೆ, ಪರೀಕ್ಷೆಯಿಂದ ಭಯವೊಂದೇ ಲಾಭ. ಗಂಡಿನ ಕಡೆಯವರು ಮದುವೆಗೆ ಮುಂಚೆ ಇಂಥ ವರದಿ ಕೇಳಿದರೆ ಕೊಡಬಾರದು. ಇದು ಶೀಲದ ಪ್ರಮಾಣಪತ್ರವಲ್ಲ.

ಪರೀಕ್ಷೆ ಬೇಕಾದದ್ದು 30 ದಾಟಿದವರಿಗೆ. ಇದರ ಮಹತ್ವ ತಿಳಿಯಲು ದೂರ ಹೋಗಬೇಕಿಲ್ಲ. ಬಸವಕಲ್ಯಾಣದಿಂದ ಗಡಿ ದಾಟಿದರೆ ಉಮರ್ಗಾ ಸಿಗುತ್ತದೆ. ಅದು ಆಗಿನ ಉಸ್ಮಾನಾಬಾದ್, ಈಗಿನ ಧಾರಾಶಿವ ಜಿಲ್ಲೆ. ಆ ಜಿಲ್ಲೆಯ ಹಳ್ಳಿಗಳಲ್ಲಿ 30ರಿಂದ 59 ವರ್ಷದ 1,31,746 ಸ್ತ್ರೀಯರನ್ನು ನಾಲ್ಕು ಗುಂಪು ಮಾಡಿ, ಸೊಲ್ಲಾಪುರ ಜಿಲ್ಲೆಯ ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆಯವರೂ ಇತರರೂ ಸೇರಿ ಎಂಟು ವರ್ಷ ಗಮನಿಸಿದರು. ಒಂದು ಗುಂಪಿಗೆ ಆಯುಷ್ಯದಲ್ಲಿ ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿ, ದೋಷ ಕಂಡವರಿಗೆ ಚಿಕಿತ್ಸೆ ಕೊಟ್ಟರು. ಎಂದಿನ ವ್ಯವಸ್ಥೆಯಲ್ಲಿಯೇ ಇದ್ದ ಗುಂಪಿನಲ್ಲಿ ಈ ಕ್ಯಾನ್ಸರಿನಿಂದ 64 ಮಂದಿ ತೀರಿಕೊಂಡರೆ, ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯ ಎಚ್‌ಪಿವಿ ಪರೀಕ್ಷೆಯ ಗುಂಪಿನಲ್ಲಿ 34 ಮಂದಿ. ವೈರಸ್ ಇಲ್ಲವೆಂದು ವರದಿ ಬಂದವರಲ್ಲಿ ಒಬ್ಬರೂ ಸಾಯಲಿಲ್ಲ. 2009ರಲ್ಲಿ ಇದು ಪ್ರಕಟವಾದಾಗ ಜಗತ್ತೇ ಗಮನಿಸಿತು. ನಮ್ಮ ನೆರೆಯ ಹೊಲಗದ್ದೆಗಳಲ್ಲಿ ದುಡಿಯುವ ಸ್ತ್ರೀಯರು ಕೊಟ್ಟ ಜ್ಞಾನ ಅದು.

ಅದೇ ದೇಶದಲ್ಲಿ, 2019-21ರ ಸಮೀಕ್ಷೆಯಂತೆ, 30ರಿಂದ 49ರ ಸ್ತ್ರೀಯರಲ್ಲಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ! ಸರ್ಕಾರದ ಕಾರ್ಯಕ್ರಮದಲ್ಲಿ 30ರಿಂದ 65ರವರೆಗೆ ಐದು ವರ್ಷಕ್ಕೊಮ್ಮೆ ತಪಾಸಣೆ ಎಂದಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗರ್ಭಕಂಠಕ್ಕೆ ತೆಳು ಅಸೆಟಿಕ್ ಆಮ್ಲ ಲೇಪಿಸಿ ಬಿಳಿ ಮಚ್ಚೆ ಏಳುವುದೇ ಎಂದು ನೋಡುತ್ತಾರೆ. ಪ್ಯಾಪ್ ಪರೀಕ್ಷೆಯಲ್ಲಿ ಕೋಶಗಳನ್ನು ಸವರಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಎಚ್‌ಪಿವಿ ಪರೀಕ್ಷೆ ಇವೆಲ್ಲಕ್ಕಿಂತ ನಿಖರ, ಮಾದರಿಯನ್ನು ಸ್ತ್ರೀ ತಾನೇ ತೆಗೆದುಕೊಡಲೂ ಬರುತ್ತದೆ. ವೈದ್ಯರ ಮುಂದೆ ಮಲಗಲು ಸಂಕೋಚಪಡುವವರಿಗೆ ಇದೊಂದು ದೊಡ್ಡ ಅನುಕೂಲ. ಪೂರ್ವಹಂತದ ದೋಷ ಸಿಕ್ಕರೆ ಆ ಭಾಗವನ್ನಷ್ಟೇ ಶೀತದಿಂದಲೋ ಉಷ್ಣದಿಂದಲೋ ನಾಶಪಡಿಸುತ್ತಾರೆ, ಹೆಚ್ಚಿನವರು ಅಂದೇ ಮನೆಗೆ ಮರಳಬಹುದು. ಲಸಿಕೆ ಪಡೆದವರೂ 30ರ ಬಳಿಕ ಪರೀಕ್ಷೆ ಮಾಡಿಸಿಕೊಳ್ಳಬೇಕು, ಏಕೆಂದರೆ ಲಸಿಕೆ ಎಲ್ಲ ಪ್ರಭೇದಗಳನ್ನೂ ತಡೆಯುವುದಿಲ್ಲ.

ಆ ದಿನ ಬಂದ ತಾಯಿಗೆ ಇಷ್ಟನ್ನೂ ಹೇಳಿ ಮುಗಿಸುವಷ್ಟರಲ್ಲಿ ಹೊರಗೆ ನಾಲ್ಕು ರೋಗಿಗಳು ಕಾದಿದ್ದರು. ಮಗಳನ್ನೂ ಒಳಗೆ ಕರೆಸಿದೆ. ಅವಳಿಗೆ ಹೊಸದೇನೂ ಹೇಳಬೇಕಾಗಲಿಲ್ಲ, ಎಲ್ಲವನ್ನೂ ಮೊಬೈಲಿನಲ್ಲಿ ಓದಿಕೊಂಡೇ ಬಂದಿದ್ದಳು. ಅನಂತರ ತಾಯಿಯನ್ನು ಕೇಳಿದೆ: “ನಿಮಗೆ ಎಷ್ಟು ವರ್ಷ? ನೀವು ಪರೀಕ್ಷೆ ಮಾಡಿಸಿದ್ದೀರಾ?” 46 ಎಂದರು. ಎರಡನೆಯ ಪ್ರಶ್ನೆಗೆ ನಕ್ಕರು. “ನನಗೇನಾಗಿದೆ ಡಾಕ್ಟ್ರಮ್ಮ!” ಅವರಿಗೆ ಮದುವೆಯಾದದ್ದು ಹದಿನೇಳಕ್ಕೆ.

ಮಗಳಿಗೆ ಮೊದಲ ಡೋಸು ಭಾದ್ರಪದದಲ್ಲಿ ಆಯಿತು, ಎರಡನೆಯದು ಕಾರ್ತಿಕದಲ್ಲಿ. ಮೂರನೆಯದು ಫಾಲ್ಗುಣಕ್ಕೆ, ಎಂದರೆ ಮದುವೆಯ ಮರುತಿಂಗಳಿಗೆ ಬರುತ್ತದೆ. ಅಷ್ಟರಲ್ಲಿ ಬಸಿರು ನಿಂತರೆ ಆ ಡೋಸನ್ನು ಹೆರಿಗೆಯ ನಂತರಕ್ಕೆ ಮುಂದೂಡಬೇಕು, ಮತ್ತೆ ಮೊದಲಿನಿಂದ ಆರಂಭಿಸಬೇಕಾಗಿಲ್ಲವೆಂದು ಚೀಟಿಯಲ್ಲಿ ಬರೆದುಕೊಟ್ಟಿದ್ದೇನೆ. ಎರಡನೆಯ ಡೋಸಿನ ದಿನ ತಾಯಿಯೂ ಜೊತೆಗೆ ಹೋಗಿ ತಮ್ಮ ಪರೀಕ್ಷೆಗೆ ಮಾದರಿ ಕೊಟ್ಟು ಬಂದರು. ಆ ವರದಿಯನ್ನು ತೆಗೆದುಕೊಂಡು ಮುಂದಿನ ಸೋಮವಾರ ಬರುವವರಿದ್ದಾರೆ.